ಕಲ್ಲು ಕಾಣ್ತಿದೆ ಅನ್ನಬೇಕಿತ್ತು

ವೆಂಡೆಲ್ ಹೌಗನ್ ಎದುರಿಗೆ ಇವತ್ತಿಗೂ ರಾಯ್ಸ್ ಟ್ಯಾಕೆಟ್ ಹೆಸರು ಎತ್ತುವಂತಿಲ್ಲ. ಎತ್ತಿದರೆ ಕೈಯಲ್ಲಿರುವ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕುತ್ತಾನೆ, ಎರಡು ಹನಿ ಎದುರಿಗೆ ಕೂತವರ ಅಂಗಿಗೂ ಹಾರುತ್ತದೆ. ‘ಅವನು ಆ ಬರೆಯೋನನ್ನ ಕರ್ಕೊಂಡು ಬರದೇ ಇದ್ದಿದ್ರೆ’ ಎಂದು ಶುರುಮಾಡುತ್ತಾನೆ. ಮುಗಿಸುವುದಿಲ್ಲ. ಮುಗಿಸಲು ಹೋದರೆ ತನ್ನ ಬಾಯಿಯ ಸುದ್ದಿಯೂ ಬರಬೇಕಾಗುತ್ತದೆ, ಅದಕ್ಕೇ ಅಲ್ಲಿಗೆ ನಿಲ್ಲಿಸುತ್ತಾನೆ.

ಸಂಗತಿ ಇಷ್ಟು. ಒಂದು ಚಳಿಗಾಲ ಬಣ್ಣದ ಪತ್ರಿಕೆಯೊಂದು, ಮನೆ ಮಾಡಿಕೊಂಡು ಸ್ಕೀ ಆಡುತ್ತಾ ಇರುವುದಕ್ಕೆ ತಕ್ಕ ಹತ್ತು ಬೆಟ್ಟದೂರುಗಳು ಅಂತ ಒಂದು ಪಟ್ಟಿ ಹಾಕಿತು. ಪಟ್ಟಿಯ ತಲೆಯ ಮೇಲೆ ಹಾರ್ನ್ ಕ್ರೀಕ್. ಆ ಪುಟದ ಅರ್ಧಭಾಗ ವೆಂಡೆಲ್‌ನ ಮುಖ. ಗಡ್ಡದಲ್ಲಿ ಹಿಮ, ಹೆಗಲ ಮೇಲೆ ಸ್ಕೀ ಜೋಡಿ, ಬಾಯಿ ತುಂಬ ನಗು. ಅಷ್ಟು ನಕ್ಕವನಿಗೆ ಏಳೇ ವರ್ಷದಲ್ಲಿ ಆ ಊರಲ್ಲಿ ಕಾಲು ಚಾಚಿ ಮಲಗುವಷ್ಟು ಜಾಗವೂ ಉಳಿಯಲಿಲ್ಲ.

ಆ ಊರನ್ನು ಅವನು ಸುಮ್ಮನೆ ಹೋಗಿ ಸೇರಿದವನಲ್ಲ, ಹುಡುಕಿ ಆರಿಸಿಕೊಂಡವನು. ಉತ್ತರ ಡಕೋಟಾದ ಬಯಲಲ್ಲಿ ಹುಟ್ಟಿದವನು ವೆಂಡೆಲ್. ಅಲ್ಲಿ ಎತ್ತರದ ಜಾಗ ಅಂದರೆ ಗೋಧಿ ತುಂಬುವ ಗೋದಾಮಿನ ತುದಿ. ನದಿಯ ದಂಡೆಯಲ್ಲಿ ಹಗ್ಗ ಹಿಡಿದು ಹತ್ತುವ ಒಂದು ದಿಬ್ಬ ಇತ್ತು. ಆ ದಿಬ್ಬದ ಮೇಲೆ, ಚರ್ಚಿನವರು ಮಾರಾಟಕ್ಕಿಟ್ಟ ಹಳೇ ಸ್ಕೀ ಹಾಕಿಕೊಂಡು, ವೆಂಡೆಲ್‌ನೂ ಅವನ ಜತೆ ಓದುತ್ತಿದ್ದ ರಾಯ್ಸ್ ಟ್ಯಾಕೆಟ್‌ನೂ ಇಳಿಯುವುದು ಕಲಿತರು. ಮೇಲಿಂದ ಕೆಳಕ್ಕೆ ಹನ್ನೆರಡು ಸೆಕೆಂಡು. ಆ ಹನ್ನೆರಡು ಸೆಕೆಂಡಿನ ಹುಚ್ಚು ಹತ್ತಿ, ಸಾವಿರದ ಒಂಬೈನೂರ ಎಂಬತ್ತೆರಡರ ಜನವರಿಯಲ್ಲಿ, ಇಬ್ಬರೂ ಇಪ್ಪತ್ತಮೂರರವರಾಗಿದ್ದಾಗ, ರಾಯ್ಸ್‌ನ ಅಪ್ಪನ ಹಳೇ ಪಿಕಪ್ ಗಾಡಿ ಹತ್ತಿ ಹೊರಟರು. ಬಾಳುವುದಕ್ಕೆ ಒಂದು ಬೆಟ್ಟದೂರು ಬೇಕು. ಅದು ಸಿಗುವ ತನಕ ವಾಪಸ್ ಬರುವುದಿಲ್ಲ ಅಂತ ಮನೆಯಲ್ಲಿ ಹೇಳಿಬಂದಿದ್ದರು.

ಗಾಡಿಯ ಹಿಂದೆ ಮಲಗುತ್ತಾ, ಡಬ್ಬಿಯ ಹುರುಳಿಕಾಯಿ ತಿನ್ನುತ್ತಾ ಏಳು ಊರು ಸುತ್ತಿದರು. ರಾಯ್ಸ್‌ಗೆ ಎಲ್ಲಾ ಊರೂ ಹಿಡಿಸುತ್ತಿತ್ತು, ವೆಂಡೆಲ್‌ಗೆ ಯಾವುದೂ ಹಿಡಿಸುತ್ತಿರಲಿಲ್ಲ. ಅವನದು ಮೂರು ಪರೀಕ್ಷೆ. ಬೆಟ್ಟದ ಉತ್ತರದ ಮೈ ಕಡಿದಾಗಿರಬೇಕು, ಬಿಸಿಲು ತಾಗದೆ ಹಿಮ ಹಿಟ್ಟಿನ ಹಾಗೇ ಉಳಿಯಬೇಕು. ಊರ ನಡುಬೀದಿಯಲ್ಲಿ ಮೊಳೆ, ಸುತ್ತಿಗೆ, ಹಗ್ಗ ಮಾರುವ ಅಂಗಡಿ ಇರಬೇಕು, ಬರೀ ತುಪ್ಪಳದ ಕೋಟು ಮಾರುವ ಬೀದಿಯಾದರೆ ಅದು ಬಾಳುವ ಊರಲ್ಲ. ಮೂರನೆಯದು ವಿಚಿತ್ರ ಪರೀಕ್ಷೆ. ಊರವರನ್ನು ಹಿಮ ಹೇಗಿದೆ ಅಂತ ಕೇಳಬೇಕು, ಅವರು ಸುಳ್ಳು ಹೇಳಬೇಕು.

‘ಚೆನ್ನಾಗಿದೆ ಬನ್ನಿ ಬನ್ನಿ ಅಂತ ಕರೆಯೋ ಊರಲ್ಲಿ ಏನೂ ಉಳ್ದಿರಲ್ಲ ಕಣೋ,’ ಅನ್ನುತ್ತಿದ್ದ. ‘ಒಳ್ಳೇ ಅಣಬೆ ಸಿಗೋ ಜಾಗ ಯಾವನಾದ್ರೂ ಬಾಯಿ ಬಿಟ್ಟು ಹೇಳ್ತಾನಾ?’

ಆರನೆಯ ಊರು ಟ್ರಾಸ್ಕ್, ಮೊಂಟಾನಾದ ಮೂಲೆಯಲ್ಲಿ. ಅಲ್ಲಿ ಮೂರು ದಿನ ನಿಂತರು. ಹಿಮ ಅಂದರೆ ಹಿಮ. ಇಬ್ಬರೂ ಮಕ್ಕಳ ಹಾಗೆ ನಕ್ಕರು. ಆದರೆ ಸ್ಕೀಯವರನ್ನು ಬೆಟ್ಟದ ಮೇಲಕ್ಕೆ ಒಯ್ಯಲು ಇದ್ದದ್ದು ಒಂದೇ ಲಿಫ್ಟು, ಕೆಲಸ ಒಬ್ಬನಿಗೂ ಇರಲಿಲ್ಲ. ಹೊಟ್ಟೆಗೆ ಏನು ಮಾಡುವುದು ಅಂತ ದಕ್ಷಿಣಕ್ಕೆ ತಿರುಗಿ ಕೊಲರಾಡೊಕ್ಕೆ ಬಂದರು.

ಹಾರ್ನ್ ಕ್ರೀಕ್‌ನಲ್ಲಿ ಐಡಾ ಪ್ರಾಸರ್ ಅಂತ ಒಬ್ಬಳು ತಿಂಡಿಯಂಗಡಿ ಇಟ್ಟಿದ್ದಳು. ಗಂಡ ಗಣಿಯಲ್ಲಿ ಸತ್ತವನು, ನಾಲಿಗೆ ಇವಳದು ಚೂರಿ. ವೆಂಡೆಲ್ ಮೊಟ್ಟೆ, ಆಲೂಗಡ್ಡೆ ತಿಂದು ಕೈ ಒರೆಸಿಕೊಂಡು ಕೇಳಿದ:

‘ಹಿಮ ಹೆಂಗಿದೆ ಅಮ್ಮ ಇಲ್ಲಿ?’

‘ಹಿಮಾನಾ? ಎಲ್ಲಿ ಬಂತಪ್ಪ,’ ಅಂದಳು ಐಡಾ, ತಲೆ ಎತ್ತದೆ ಕಾವಲಿ ಕೆರೆಯುತ್ತಾ. ‘ಕಲ್ಲು ಕಾಣ್ತಿದೆ. ಇದ್ದದ್ದನ್ನ ಗಾಳಿ ಹೊತ್ಕೊಂಡು ಹೋಯ್ತು. ಇನ್ನೂ ಬೆಳಕಿದೆ, ನೀವು ಮುಂದಿನೂರಿಗೆ ಹೋಗೋದು ವಾಸಿ.’

ಅವಳ ಅಡಿಗೆಮನೆಯ ಬಾಗಿಲ ಹಿಂದೆ ಒಂದು ಜೋಡಿ ಸ್ಕೀ ಒರಗಿಸಿತ್ತು. ಅದರ ಮೇಲಿನ ಹಿಮ ಇನ್ನೂ ಕರಗಿರಲಿಲ್ಲ, ಗೋಧಿಹಿಟ್ಟು ಚೆಲ್ಲಿದ ಹಾಗಿತ್ತು. ವೆಂಡೆಲ್ ಅದನ್ನು ನೋಡಿದ, ರಾಯ್ಸ್‌ನ ಕಾಲು ತುಳಿದ.

‘ಇಲ್ಲೇ ಇಳಿಸು ಸಾಮಾನು,’ ಅಂದ.

ಐಡಾ ಆಗ ತಲೆ ಎತ್ತಿ ನೋಡಿದಳು. ನದಿ ತಿರುವಿನಲ್ಲಿ ಅವಳದೊಂದು ಜಾಗ ಇತ್ತು, ಅದರಲ್ಲಿ ಲಿಫ್ಟಿನ ಕೆಲಸದವರ, ಗಾಡಿಗೆ ಕಟ್ಟಿ ಎಳೆತಂದಿಟ್ಟ ಟ್ರೇಲರ್ ಮನೆಗಳು ಸಾಲಾಗಿ ನಿಂತಿದ್ದವು. ಅಲ್ಲೊಂದು ಹಳೇ ಟ್ರೇಲರ್ ಖಾಲಿ ಇದೆ, ಕೊಳವೆ ಒಡೆದಿದೆ, ಸರಿಮಾಡಿಕೊಂಡರೆ ಇರಬಹುದು ಅಂದಳು. ‘ಒಂದು ಮಾತು ನೆನಪಿಟ್ಕೊಳ್ಳಿ,’ ಅಂತ ಸೇರಿಸಿದಳು. ‘ಹೊರಗಿನೋರು ಯಾರಾದ್ರೂ ಕೇಳಿದ್ರೆ ಕಲ್ಲು ಕಾಣ್ತಿದೆ ಅನ್ನಬೇಕು. ಈ ಊರಲ್ಲಿ ಇರೋಕೆ ಬೇರೆ ಕಾನೂನಿಲ್ಲ.’

ಆ ಊರಿನ ಗುಟ್ಟು ಅಷ್ಟೇ. ಪಾದ್ರಿ ಕೂಡ ಹೊರಗಿನವರಿಗೆ ಕಲ್ಲು ಕಾಣುತ್ತಿದೆ ಅನ್ನುತ್ತಿದ್ದ. ತಮ್ಮತಮ್ಮಲ್ಲಿ ಕೇಳಿಕೊಂಡರೆ ಮಾತ್ರ ನಿಜ ಹೇಳುವುದು, ಅದೂ ಕಣ್ಣಲ್ಲಿ.

ಇಬ್ಬರೂ ಬೆಟ್ಟದ ಗಸ್ತಿಗೆ ಸೇರಿದರು. ಬಿದ್ದವರನ್ನು ಜಾರುಬಂಡಿಯಲ್ಲಿ ಕಟ್ಟಿ ಕೆಳಗಿಳಿಸುವುದು, ರಾತ್ರಿ ಹಿಮ ಬಿದ್ದಿದ್ದರೆ ಬೆಳಿಗ್ಗೆ ಲಿಫ್ಟು ತೆರೆಯುವ ಮೊದಲು ಇಳಿಜಾರುಗಳಿಗೆ ಸಿಡಿಮದ್ದು ಎಸೆದು ಸಡಿಲವಾದದ್ದನ್ನು ಬೀಳಿಸುವುದು. ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಬೆಳಗಿನ ಆರು ಗಂಟೆಗೆ ಇಡೀ ಬೆಟ್ಟ ನಿಮ್ಮದು, ಅದೇ ಸಂಬಳ ಅಂದುಕೊಂಡು ಬದುಕಿದರು. ರಾಯ್ಸ್ ಬೇಗ ಬೇರೆ ರೂಮು ಹಿಡಿದ. ವೆಂಡೆಲ್ ಆ ಟ್ರೇಲರನ್ನೇ ಐಡಾಳಿಂದ ಕೊಂಡುಕೊಂಡು, ಆಸ್ಪತ್ರೆಯ ಅಡಿಗೆಮನೆಯಲ್ಲಿದ್ದ ನೊರೀನ್‌ಳನ್ನು ಮದುವೆಯಾಗಿ, ಅದಕ್ಕೆ ಮರದ ಜಗಲಿ ಕಟ್ಟಿ, ಸೂರಿನ ಮೇಲೆ ಇನ್ನೊಂದು ಸೂರು ಹಾಕಿ ಸಂಸಾರ ಹೂಡಿದ. ನೆಲ ಐಡಾಳದ್ದು, ಮೇಲಿನದು ಇವನದ್ದು.

ಹ್ಯಾಚೆಟ್ ಅಂತ ಒಂದು ಕಡಿದಾದ ಇಳಿಜಾರಿದೆ ಅಲ್ಲಿ. ಮದ್ದು ಎಸೆದ ಮೇಲೂ ಅದನ್ನು ನಂಬುವಂತಿಲ್ಲ. ಒಬ್ಬ ಸ್ಕೀಯಲ್ಲಿ ಅಡ್ಡ ಹಾಯಬೇಕು, ಇನ್ನೊಬ್ಬ ಬಂಡೆಯ ಮರೆಯಲ್ಲಿ ನಿಂತು ಕಣ್ಣು ತೆಗೆಯದೆ ಅವನನ್ನೇ ನೋಡುತ್ತಿರಬೇಕು. ಇವತ್ತು ನೀನು ಮೊದಲು ಹಾಯ್ದರೆ ನಾಳೆ ನಾನು. ತೊಂಬತ್ತೊಂದರ ಫೆಬ್ರವರಿಯ ಒಂದು ಬೆಳಿಗ್ಗೆ ರಾಯ್ಸ್ ಅಡ್ಡ ಹಾಯ್ದ. ವೆಂಡೆಲ್ ಬಂಡೆಯ ಹತ್ತಿರ ಬೂಟಿನ ಕೊಂಡಿ ಹಾಕಿಕೊಳ್ಳುತ್ತಿದ್ದ. ಅರ್ಧ ದಾಟಿದ್ದನೋ ಇಲ್ಲವೋ, ಬಟ್ಟೆ ಹರಿದ ಹಾಗೆ ಮೇಲಿನಿಂದ ಸದ್ದು. ಇಡೀ ಇಳಿಜಾರು ಕಾಲು ಬಂದ ಹಾಗೆ ನಡೆಯಿತು. ಹಿಮದ ಧೂಳು ಅಡಗಿದಾಗ ರಾಯ್ಸ್ ಇರಲಿಲ್ಲ.

ಗಸ್ತಿನವರು ಎದೆಗೆ ಒಂದು ಪುಟ್ಟ ಯಂತ್ರ ಕಟ್ಟಿಕೊಂಡಿರುತ್ತಾರೆ, ಹೂತುಹೋದವನ ಯಂತ್ರದ ದನಿಯನ್ನು ಹುಡುಕುವವನ ಯಂತ್ರ ಹಿಡಿಯುತ್ತದೆ. ವೆಂಡೆಲ್ ಆ ದನಿ ಹಿಡಿದು ಇಳಿದ. ಉದ್ದನೆಯ ಸರಳು ಚುಚ್ಚಿ ಚುಚ್ಚಿ ನೋಡಿದ, ಒಂದು ಕಡೆ ಮೆತ್ತಗೆ ತಗುಲಿತು. ಸಲಿಕೆ ಹಿಡಿದ. ಕುಸಿದ ಹಿಮ ಹಿಮವಾಗಿರುವುದಿಲ್ಲ, ಗಾರೆ. ಒಂದೂವರೆ ಆಳುದ್ದ ಅಗೆದ. ಹನ್ನೊಂದು ನಿಮಿಷಕ್ಕೆ ಮುಖ ಸಿಕ್ಕಿತು, ನೇರಳೆ ಬಣ್ಣ. ಬಾಯೊಳಗಿನ ಹಿಮ ಬೆರಳು ಹಾಕಿ ತೆಗೆದು ಉಸಿರು ಊದಿದ. ಮೂರನೆಯ ಸಲಕ್ಕೆ ರಾಯ್ಸ್ ಕೆಮ್ಮಿದ, ವೆಂಡೆಲ್‌ನ ಗಡ್ಡದ ಮೇಲೇ ವಾಂತಿ ಮಾಡಿದ.

ಗಸ್ತಿನ ಗುಡಿಸಲಲ್ಲಿ ಒಂದು ಪದ್ಧತಿ. ಕೈಗವಸು ಬೀಳಿಸಿದರೆ, ಲಿಫ್ಟಿನ ಕೆಳಗೆ ಜನರ ಕಣ್ಣೆದುರು ಮುಗ್ಗರಿಸಿದರೆ, ಗೆಳೆಯರಿಗೆ ಒಂದು ಪೆಟ್ಟಿಗೆ ಬಿಯರ್ ಕೊಡಬೇಕು. ಆಸ್ಪತ್ರೆಯಲ್ಲಿ ಪಕ್ಕೆಲುಬಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ರಾಯ್ಸ್ ಕೇಳಿದ:

‘ಎಷ್ಟು ಪೆಟ್ಟಿಗೆ ಆಯ್ತೋ ನಿಂದು?’

‘ಬಿಯರ್ ಬೇಡ,’ ಅಂದ ವೆಂಡೆಲ್. ‘ಬಿಯರ್ ಕೈಗವಸು ಬೀಳ್ಸಿದೋರಿಗೆ. ನಿನ್ನ ಹತ್ರ ಒಂದೇ ಒಂದು ಸಲ ಏನೋ ಕೇಳ್ತೀನಿ. ಯಾವಾಗ್ಲೋ ಗೊತ್ತಿಲ್ಲ. ಆಗ ಇಲ್ಲ ಅನ್ನಬಾರ್ದು.’

‘ಕೇಳೋ. ನನ್ನ ಚರ್ಮ ಕೇಳು, ಸುಲ್ಕೊಡ್ತೀನಿ.’

‘ನಿನ್ನ ಚರ್ಮ ತಗೊಂಡು ನಾನೇನು ಡೇರೆ ಹೊಲೀಲಾ?’

ನಕ್ಕರೆ ಪಕ್ಕೆಲುಬು ನೋಯುತ್ತದೆ ಅಂತ ರಾಯ್ಸ್ ಅತ್ತ.

ಅದಾಗಿ ಏಳು ವರ್ಷಕ್ಕೆ ರಾಯ್ಸ್‌ನ ಮಂಡಿ ಹೋಯಿತು. ಗಸ್ತು ಬಿಟ್ಟ. ಜಮೀನು, ಮನೆ ಮಾರಿಸುವ ಕೆಲಸಕ್ಕೆ ಇಳಿದ. ಮಾತು ಮೊದಲಿಂದಲೂ ಚೆನ್ನಾಗಿತ್ತು, ಎಲ್ಲಾ ಊರನ್ನೂ ಮೆಚ್ಚುವ ಬಾಯಿ, ಅದಕ್ಕೆ ಈಗ ಒಂದು ಕಚೇರಿ ಬಂತು. ವೆಂಡೆಲ್ ಅದನ್ನು ತಪ್ಪು ಅನ್ನಲಿಲ್ಲ, ಮಂಡಿ ಹೋದವನು ಏನು ಮಾಡಿಯಾನು ಅಂದುಕೊಂಡ. ಭಾನುವಾರ ಇಬ್ಬರೂ ಐಡಾಳ ಅಂಗಡಿಯಲ್ಲಿ ಕೂತು ಮೊಟ್ಟೆ ತಿನ್ನುವುದು ತಪ್ಪಿರಲಿಲ್ಲ. ಏಪ್ರಿಲಿನಲ್ಲಿ ಲಿಫ್ಟು ಮುಚ್ಚಿದ ಮೇಲೆ ವೆಂಡೆಲ್ ನೊರೀನ್‌ಳನ್ನು ಕರೆದುಕೊಂಡು ಒಂದು ವಾರ ಟ್ರಾಸ್ಕ್‌ಗೆ ಹೋಗಿಬರುತ್ತಿದ್ದ. ಅಲ್ಲಿ ಈಗಲೂ ಒಂದೇ ಲಿಫ್ಟು. ಆ ಪ್ರಯಾಣದ ವಿಷಯ ಅವನು ರಾಯ್ಸ್‌ಗೂ ಹೇಳುತ್ತಿರಲಿಲ್ಲ. ನೊರೀನ್‌ಳ ಚಿಕ್ಕಮ್ಮನ ಮನೆಗೆ ಅನ್ನುತ್ತಿದ್ದ.

ಇಷ್ಟೆಲ್ಲ ಬಾಯಿಗೆ ಬೀಗ ಹಾಕಿದ್ದವನು ಎರಡು ಸಾವಿರದ ಆರನೇ ಇಸವಿಯ ಒಂದು ಮಧ್ಯಾಹ್ನ ಬೀಗ ಕಿತ್ತೊಗೆದ.

ರಾಯ್ಸ್ ಒಬ್ಬನನ್ನು ಗಸ್ತಿನ ಗುಡಿಸಲಿಗೆ ಕರೆತಂದ. ಹೊಸ ಬೂಟು, ಹೊಸ ಟೋಪಿ, ಕೈಯಲ್ಲಿ ಪುಸ್ತಕ. ‘ಇವರು ಪತ್ರಿಕೆಯೋರು ವೆಂಡ್. ಊರು ಆರಿಸ್ಕೊಳ್ಳೋದು ಹೆಂಗೆ ಅಂತ ಬರೀತಾರಂತೆ. ನಾನಂದೆ, ಈ ದೇಶದಲ್ಲಿ ಅದು ಗೊತ್ತಿರೋನು ಒಬ್ಬನೇ ಅಂತ.’

ಆ ದಿನ ಬೆಟ್ಟದ ಮೇಲೆ ಎರಡಡಿ ಹೊಸ ಹಿಮ. ಬೆಳಿಗ್ಗೆ ವೆಂಡೆಲ್ ಇಳಿದದ್ದು ಅವನ ಜೀವಮಾನದ ಇಳಿತ, ಎದೆಮಟ್ಟ ಹಿಮ ಸೀಳಿಕೊಂಡು, ಒಂದು ಸಲವೂ ನೆಲ ತಾಗದೆ. ಮೈಯಲ್ಲಿ ಇನ್ನೂ ಆ ಜುಮ್ಮು ಇತ್ತು. ಅಲ್ಲದೆ ಇಪ್ಪತ್ತನಾಲ್ಕು ವರ್ಷದಲ್ಲಿ ಅವನನ್ನು ಯಾರೂ ಅದನ್ನು ಕೇಳಿರಲಿಲ್ಲ. ನೀನು ಈ ಊರು ಹೇಗೆ ಆರಿಸಿದೆ? ಬಯಲಿನ ರೈತನ ಮಗ, ಆರು ಊರು ತಿರಸ್ಕರಿಸಿ ಇದೇ ಬೇಕು ಅಂದದ್ದು ಹೇಗೆ? ಕೇಳಿದವನು ಪುಸ್ತಕ ತೆರೆದು, ಪೆನ್ನು ಹಿಡಿದು, ಕಣ್ಣರಳಿಸಿ ಕೂತಿದ್ದ.

ಹೇಳಿದ. ಮೂರು ಪರೀಕ್ಷೆ ಹೇಳಿದ. ಐಡಾಳ ಸುಳ್ಳು, ಬಾಗಿಲ ಹಿಂದಿನ ಸ್ಕೀ, ಎಲ್ಲಾ ಹೇಳಿದ. ಹಳೇ ಗಣಿಯ ಹಿಂದಿನ ಬೋಗುಣಿಯಂಥ ಕಣಿವೆಗೆ ಹೇಗೆ ಹೋಗಬೇಕು, ಅಲ್ಲಿ ಮಾರ್ಚ್ ತನಕ ಹಿಮ ಕೆಡುವುದಿಲ್ಲ ಅನ್ನುವುದನ್ನೂ ಹೇಳಿದ. ಕೊನೆಗೆ ಫೋಟೊಕ್ಕೆ ನಿಂತು ನಕ್ಕ.

ಪತ್ರಿಕೆ ಬಂದ ದಿನ ನೊರೀನ್ ಅದನ್ನು ಎರಡು ಸಲ ಓದಿದಳು.

‘ಚೆನ್ನಾಗಿ ಬಂದಿದೆ ಫೋಟೊ,’ ಅಂದಳು. ‘ಮದ್ವೆ ದಿನಾನೂ ನೀನು ಇಷ್ಟು ನಕ್ಕಿರ್ಲಿಲ್ಲ.’

‘ಏನಾಯ್ತೀಗ? ಊರಿಗೆ ಒಳ್ಳೇ ಹೆಸರು ಬಂತು.’

‘ಬಂತು ಬಂತು. ಆ ಹೆಸರಿನ ಹಿಂದೇನೇ ಬರೋರು ಎಲ್ಲಿ ಮಲಗ್ತಾರೆ ಅಂತ ಕೇಳಿದ್ಯಾ?’

ಭಾನುವಾರ ಐಡಾಳ ಅಂಗಡಿಗೆ ಹೋದರೆ ಅವಳು ಮೊಟ್ಟೆ ತಂದಿಡಲಿಲ್ಲ. ಎಂಬತ್ತರ ಹತ್ತಿರದ ಮುದುಕಿ, ಕೈ ಕಟ್ಟಿ ಎದುರು ನಿಂತಳು.

‘ನೀನು ಅವತ್ತು ನನ್ನ ಬಾಗಿಲ ಹಿಂದೆ ನೋಡಿದಾಗ್ಲೇ ಅಂದ್ಕೊಂಡೆ, ಇವನ ಕಣ್ಣು ಚುರುಕು ಅಂತ. ಬಾಯಿ ಹಿಂಗೆ ಅಂತ ಗೊತ್ತಿದ್ರೆ ಗಾಡಿ ಟಯರಿಗೆ ಮೊಳೆ ಹೊಡೆದಾದ್ರೂ ಓಡಿಸ್ತಿದ್ದೆ.’

‘ಐಡಾ, ಒಂದು ಪತ್ರಿಕೆ ಅಷ್ಟೇ…’

‘ಕಲ್ಲು ಕಾಣ್ತಿದೆ ಅನ್ನೋಕೆ ನಿಂಗೆ ಏನು ದಾಡಿ ಬಂದಿತ್ತು? ಎರಡು ಮಾತು. ಗಿಳಿ ಕೂಡ ಕಲೀತಿತ್ತು.’

ಆಮೇಲೆ ಬರೀ ಮೊಟ್ಟೆ ತಂದಿಟ್ಟಳು, ಆಲೂಗಡ್ಡೆ ಹಾಕಲಿಲ್ಲ. ಸಾಯುವ ತನಕ ಅವನ ತಟ್ಟೆಗೆ ಆಲೂಗಡ್ಡೆ ಹಾಕಲಿಲ್ಲ.

ಬಂದರು. ಮೊದಲ ಚಳಿಗಾಲ ನೋಡಲು ಬಂದರು, ಎರಡನೆಯ ಚಳಿಗಾಲ ಕೊಳ್ಳಲು ಬಂದರು. ಎಲ್ಲರ ಕೈಯಲ್ಲೂ ಆ ಪುಟ. ಮೊಳೆ ಮಾರುವ ಅಂಗಡಿ ಇದ್ದ ಜಾಗದಲ್ಲಿ ವಾಸನೆಯ ಮೇಣದ ಬತ್ತಿ ಮಾರುವ ಅಂಗಡಿ ಬಂತು. ವೆಂಡೆಲ್‌ಗೆ ಒಂದು ತಿರುಪು ಬೇಕಾದರೆ ಕಣಿವೆ ಇಳಿದು ಹೋಗಬೇಕು. ಬೆಟ್ಟದ ಬುಡದಲ್ಲಿ ಅರಮನೆಯಂಥ ಮನೆಗಳು ಎದ್ದವು, ವರ್ಷಕ್ಕೆ ಹತ್ತು ದಿನ ಬಂದು ಇರುವವರದು. ಮಿಕ್ಕ ದಿನ ಖಾಲಿ. ಆದರೂ ಆ ಖಾಲಿ ಮನೆಗಳ ಮುಂದಿನ ದಾರಿಯಲ್ಲಿ ಹಿಮ ನಿಲ್ಲಬಾರದು ಅಂತ ನೆಲದಡಿ ಬಿಸಿನೀರಿನ ಕೊಳವೆ ಹರಿಸಿದ್ದರು. ಇತ್ತ ನದಿ ತಿರುವಿನಲ್ಲಿ ನೊರೀನ್ ಪ್ರತಿ ಬೆಳಿಗ್ಗೆ ತಲೆ ಒಣಗಿಸುವ ಯಂತ್ರ ಹಿಡಿದು ಟ್ರೇಲರಿನ ಕೆಳಗೆ ನುಗ್ಗಿ ಹೆಪ್ಪುಗಟ್ಟಿದ ನಲ್ಲಿ ಕೊಳವೆ ಕರಗಿಸುತ್ತಿದ್ದಳು. ಆ ಅರಮನೆಗಳ ಪೈಕಿ ಅರ್ಧಕ್ಕರ್ಧ ಮಾರಿಸಿದವನು ರಾಯ್ಸ್. ಅವನ ಕಚೇರಿಯ ಗೋಡೆಯಲ್ಲಿ, ಗಾಜು ಹಾಕಿಸಿ, ವೆಂಡೆಲ್ ನಗುವ ಪುಟವನ್ನು ತೂಗುಹಾಕಿದ್ದ. ವೆಂಡೆಲ್ ತೆಗಿ ಅಂದರೆ, ‘ಅದೇ ಕಣೋ ನಂಗೆ ದುಡ್ಡು ತರೋ ಪಟ’ ಅಂತ ನಗುತ್ತಿದ್ದ.

ಐಡಾ ಎರಡು ಸಾವಿರದ ಹದಿಮೂರರ ಚಳಿಗಾಲದಲ್ಲಿ ಸತ್ತಳು. ಮಕ್ಕಳಿಲ್ಲ. ನದಿ ತಿರುವಿನ ಜಾಗ ಅರಿಜೋನಾದಲ್ಲಿದ್ದ ತಮ್ಮನ ಮಗನಿಗೆ ಹೋಯಿತು. ಅವನು ಹಿಮ ಕಂಡವನಲ್ಲ. ಮೂರೇ ತಿಂಗಳಿಗೆ ಮೂವತ್ತೊಂದು ಟ್ರೇಲರಿನ ಬಾಗಿಲಿಗೂ ಒಂದೊಂದು ಕಾಗದ ಅಂಟಿತು: ಜಾಗ ಮಾರಾಟವಾಗಲಿದೆ, ಆರು ತಿಂಗಳೊಳಗೆ ಮನೆಗಳನ್ನು ಎಬ್ಬಿಸಿಕೊಂಡು ಹೋಗತಕ್ಕದ್ದು. ಕೆಳಗೆ ವ್ಯವಹಾರ ನೋಡಿಕೊಳ್ಳುವವನ ಹೆಸರು, ರಾಯ್ಸ್ ಟ್ಯಾಕೆಟ್.

ಎಬ್ಬಿಸಿಕೊಂಡು ಹೋಗುವುದು ಎಲ್ಲಿಗೆ? ಟ್ರೇಲರ್ ಮನೆ ಅಂದರೆ ಚಕ್ರದ ಮೇಲಿನ ಮನೆ ಅಂತ ಹೆಸರು ಮಾತ್ರ. ವೆಂಡೆಲ್‌ನದು ಎಪ್ಪತ್ತನಾಲ್ಕನೇ ಇಸವಿಯದು. ಎಪ್ಪತ್ತಾರಕ್ಕೂ ಮೊದಲಿನದನ್ನು ಸುತ್ತಮುತ್ತ ಯಾವ ಜಾಗದವರೂ ಸೇರಿಸುವುದಿಲ್ಲ, ಬೆಂಕಿಯ ಭಯ ಅನ್ನುತ್ತಾರೆ. ಸೇರಿಸಿದರೂ ಅದು ಏಳುವುದಿಲ್ಲ. ಅಡಿಯ ಕಬ್ಬಿಣ ತುಕ್ಕು ಹಿಡಿದು ಬಿಸ್ಕತ್ತಾಗಿತ್ತು. ಎತ್ತಿದರೆ ನಡು ಮುರಿಯುತ್ತದೆ. ಇದ್ದರೆ ಅಲ್ಲೇ ಇರಬೇಕು, ಇಲ್ಲದಿದ್ದರೆ ಇಲ್ಲ. ಊರಲ್ಲಿ ಬೇರೆ ಕೋಣೆ ಹಿಡಿಯೋಣ ಅಂದರೆ ಅವನ ಇಡೀ ಸಂಬಳ ಒಂದು ಗ್ಯಾರೇಜಿನ ಮೇಲಿನ ಅಟ್ಟಕ್ಕೆ ಸಾಲದು.

ನೊರೀನ್ ಅಂದಳು: ‘ಹೋಗಿ ಕೇಳು. ಅವನು ಕೊಟ್ಟ ಮಾತನ್ನ ಇಪ್ಪತ್ತೆರಡು ವರ್ಷದಿಂದ ಜೇಬಲ್ಲಿಟ್ಕೊಂಡಿದೀಯಲ್ಲ, ಈಗ ತೆಗಿ.’

ವೆಂಡೆಲ್ ಗಸ್ತಿನ ಕೆಂಪು ಕೋಟು ಬಿಚ್ಚದೆ ಹಾಗೇ ಹೋದ. ರಾಯ್ಸ್‌ನ ಕಚೇರಿಯ ಮೇಜಿನ ಮೇಲೆ ನದಿ ತಿರುವಿನ ಗೊಂಬೆ ನಕಾಶೆ ಇತ್ತು. ರಟ್ಟಿನ ಮನೆಗಳು, ಹಸಿರು ಹತ್ತಿಯ ಮರಗಳು. ಟ್ರೇಲರ್ ಒಂದೂ ಇಲ್ಲ.

‘ಕೂತ್ಕೋ ವೆಂಡ್. ನಾನೇ ಬರೋನಿದ್ದೆ,’ ಅಂದ ರಾಯ್ಸ್.

‘ಕಾಗದ ಅಂಟಿಸೋಕೆ ಬಂದಿದ್ಯಲ್ಲ, ಅವಾಗ್ಲೇ ಬಾಗಿಲು ತಟ್ಟಬೋದಿತ್ತು.’

‘ಅಂಟಿಸಿದ್ದು ಕಚೇರಿ ಹುಡುಗೀರು. ನೋಡು, ನಾನು ಮಾರದಿದ್ರೆ ಇನ್ನೊಬ್ಬ ಮಾರ್ತಾನೆ. ಅವನು ಮೂರೇ ತಿಂಗಳು ಕೊಡ್ತಿದ್ದ. ಆರು ತಿಂಗಳು ಮಾಡ್ಸಿದ್ದು ನಾನು.’

‘ನಾನು ಮೂವತ್ತೊಂದೂ ಉಳಿಸು ಅಂತಿಲ್ಲ. ಕೊನೇದು ನಂದು, ನದಿ ಅಂಚಿಂದು. ಅದೊಂದು ಬಿಡ್ಸು. ಬೇಲಿ ಹಾಕ್ಕೊಳ್ಲಿ, ಮರ ನೆಟ್ಟು ಮರೆ ಮಾಡ್ಲಿ. ನಾವಿಬ್ರು ಸಾಯೋ ತನಕ. ಆಮೇಲೆ ಅವರದೇ.’

‘ಆಗಲ್ಲಪ್ಪ. ಕೊಳ್ಳೋರು ಖಾಲಿ ಜಾಗ ಅಂತಾನೇ ಕೊಳ್ತಿರೋದು.’

ವೆಂಡೆಲ್ ಸ್ವಲ್ಪ ಹೊತ್ತು ಆ ಹತ್ತಿಯ ಮರಗಳನ್ನು ನೋಡಿದ. ಆಮೇಲೆ ಹೇಳಿದ: ‘ರಾಯ್ಸ್, ಈಗ ಕೇಳ್ತಿದೀನಿ ನಾನು.’

ಏನು ಅಂತ ರಾಯ್ಸ್ ಕೇಳಲಿಲ್ಲ. ಗೊತ್ತಾಯಿತು. ಕುರ್ಚಿಗೆ ಒರಗಿ, ಮಂಡಿ ಒತ್ತಿಕೊಳ್ಳುತ್ತಾ, ಕಿಟಕಿಯ ಕಡೆ ತಿರುಗಿ ಕೂತ.

‘ಹನ್ನೊಂದು ನಿಮಿಷ,’ ಅಂದ ವೆಂಡೆಲ್. ‘ಒಂದೂವರೆ ಆಳುದ್ದ ಅಗೆದೆ. ಅವತ್ತು ಚರ್ಮ ಸುಲ್ಕೊಡ್ತೀನಿ ಅಂದಿದ್ದೆ. ನಾನು ಕೇಳ್ತಿರೋದು ಇಪ್ಪತ್ತಡಿ ನೆಲ.’

‘ವೆಂಡ್, ಆ ದಿನದ್ದು ಒಂದು ಮಾತು ನಾನು ಯಾವತ್ತೂ ಆಡಿಲ್ಲ,’ ಅಂದ ರಾಯ್ಸ್ ನಿಧಾನವಾಗಿ. ‘ಇವತ್ತು ಆಡ್ಸಬೇಡ.’

‘ಆಡು.’

‘ಆ ದಿನ ಸರದಿ ಯಾರದ್ದು?’

ವೆಂಡೆಲ್ ಹುಬ್ಬು ಗಂಟಿಕ್ಕಿದ.

‘ಹಿಂದಿನ ದಿನ ನಾನು ಹಾಯ್ದಿದ್ದೆ. ಆ ದಿನ ನಿಂದು. ನಿನ್ನ ಎಡಗಾಲು ಬೂಟಿನ ಕೊಂಡಿ ಮಂಜುಗಟ್ಟಿತ್ತು. ಕೋಲಿನ ಹಿಡಿಯಿಂದ ಕುಟ್ತಾ ಕೂತಿದ್ದೆ. ನಾನಂದೆ, ಆ ಬೂಟಿನ ಜತೆ ಸಂಸಾರ ಮಾಡ್ತಿರು, ನಾನೇ ಹೋಗ್ತೀನಿ ಅಂತ. ನಿನ್ನ ಜಾಗದಲ್ಲಿ ಹೂತ್ಕೊಂಡೋನು ನಾನು. ನಿನ್ನ ಹೆಣಕ್ಕೆ ಬರಬೇಕಿದ್ದ ಹಿಮ ಅದು. ಅದನ್ನ ಅಗೆದು ತೆಗೆದಿದ್ದಕ್ಕೆ ನಾನು ಕೊಡಬೇಕಾ?’

ಕೊಂಡಿ. ವೆಂಡೆಲ್‌ಗೆ ಕೊಂಡಿ ನೆನಪಿತ್ತು. ಕುಟ್ಟಿದ ಸದ್ದೂ ನೆನಪಿತ್ತು. ಸರದಿ ಮಾತ್ರ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಅವನ ತಲೆಗೆ ಬಂದಿರಲಿಲ್ಲ. ನೂರಾರು ಸಲ ಆ ಕತೆ ಹೇಳಿದ್ದಾನೆ, ಪತ್ರಿಕೆಯವನಿಗೂ ಹೇಳಿದ್ದ. ಸರಳು, ಸಲಿಕೆ, ನೇರಳೆ ಮುಖ, ಎಲ್ಲಾ ಇರುತ್ತಿತ್ತು. ಯಾರ ಸರದಿ ಅನ್ನುವುದು ಇರುತ್ತಿರಲಿಲ್ಲ.

‘ಅದಕ್ಕೇನಾ ಇಷ್ಟು ವರ್ಷ ಸುಮ್ನಿದ್ದೆ?’ ಅಂದ. ‘ಈ ದಿನಕ್ಕೆ ಬೇಕಾಗುತ್ತೆ ಅಂತ ಇಟ್ಕೊಂಡಿದ್ಯಾ?’

‘ನೀನೂ ಇಟ್ಕೊಂಡಿದ್ಯಲ್ಲ.’

ವೆಂಡೆಲ್ ತನ್ನ ಅಗಲ ಅಂಗೈಯನ್ನು ಆ ರಟ್ಟಿನ ಊರಿನ ಮೇಲಿಟ್ಟು ನಿಧಾನವಾಗಿ ಒತ್ತಿದ. ಮನೆಗಳು ಒಂದೊಂದಾಗಿ ಚಪ್ಪಟೆಯಾದವು, ಹತ್ತಿಯ ಮರ ಬೆರಳ ಸಂದಿಯಲ್ಲಿ ಸಿಕ್ಕಿಕೊಂಡಿತು. ರಾಯ್ಸ್ ತಡೆಯಲಿಲ್ಲ. ಗೋಡೆಯ ಮೇಲಿನ ಪುಟದಲ್ಲಿ ವೆಂಡೆಲ್ ಬಾಯಿ ತುಂಬ ನಗುತ್ತಲೇ ಇದ್ದ. ಅದನ್ನು ಕಿತ್ತುಕೊಂಡು ಬರಬೇಕಿತ್ತು, ಸಿಟ್ಟಿನಲ್ಲಿ ಅದು ಮರೆತುಹೋಯಿತು ಅಂತ ಅವನಿಗೆ ಆಮೇಲೆ ಬೇಜಾರಾಯಿತು.

ಸೆಪ್ಟೆಂಬರಿನಲ್ಲಿ ಯಂತ್ರ ಬಂದು ಟ್ರೇಲರುಗಳನ್ನು ಪುಡಿಮಾಡಿತು. ತನ್ನದು ಮುರಿಯುವುದನ್ನು ವೆಂಡೆಲ್ ನೋಡಲಿಲ್ಲ, ನೊರೀನ್ ನಿಂತು ನೋಡಿದಳು. ‘ನಿನ್ನ ಜಗಲಿ ಕೊನೇ ತನಕ ಹಿಡ್ಕೊಂಡಿತ್ತು ಕಣೋ,’ ಅಂತ ಬಂದು ಹೇಳಿದಳು, ಅದೊಂದೇ ಸಮಾಧಾನದ ಮಾತು ಅನ್ನುವ ಹಾಗೆ.

ಐವತ್ತೆರಡು ಮೈಲಿ ಕೆಳಗೆ, ಘಾಟಿಯಾಚೆ, ಗ್ಯಾಸ್ ಬಾವಿಗಳ ನಡುವಿನ ಡ್ರೈ ಫೋರ್ಕ್ ಅನ್ನುವ ಊರಲ್ಲಿ ಬಾಡಿಗೆ ಮನೆ ಸಿಕ್ಕಿತು. ಅಲ್ಲಿ ಹಿಮ ಬೀಳುವುದಿಲ್ಲ, ಧೂಳು ಬೀಳುತ್ತದೆ. ನೊರೀನ್‌ಗೆ ಮುದುಕರ ಆಶ್ರಯಮನೆಯಲ್ಲಿ ಅಡಿಗೆ ಕೆಲಸ. ವೆಂಡೆಲ್ ಗಸ್ತು ಬಿಡಲಿಲ್ಲ. ಬೆಳಗಿನ ನಾಲ್ಕಕ್ಕೆ ಎದ್ದು, ಘಾಟಿ ಹತ್ತಿ, ತಾನು ಆರಿಸಿಕೊಂಡ ಊರಿಗೆ ಕೂಲಿಯವನ ಹಾಗೆ ಹೋಗುತ್ತಾನೆ, ಸಂಜೆ ಕೂಲಿಯವನ ಹಾಗೆ ಹೊರಡುತ್ತಾನೆ. ನದಿ ತಿರುವಿನಲ್ಲಿ ಅವನ ಮನೆ ಇದ್ದ ಕಡೆ ಯಾರದೋ ಬಿಸಿನೀರಿನ ಕೊಳ, ಹಿಮದ ನಡುವೆ ಹಬೆಯಾಡುತ್ತಿರುತ್ತದೆ. ಹ್ಯಾಚೆಟ್ ಇಳಿಜಾರಿಗೆ ಮಾತ್ರ ಆಮೇಲೆ ಅವನು ಬೇರೆಯವರನ್ನು ಮೊದಲು ಬಿಡಲಿಲ್ಲ. ಸರದಿ ಯಾರದೇ ಇರಲಿ, ಹಾಯುವವನು ತಾನೇ. ಹೊಸ ಹುಡುಗರು ಮುದುಕನಿಗೆ ಹಟ ಅಂದುಕೊಂಡರು.

ಆರು ಚಳಿಗಾಲ ಇಬ್ಬರೂ ಮಾತಾಡಲಿಲ್ಲ. ಏಳನೆಯ ಚಳಿಗಾಲ, ಹತ್ತೊಂಬತ್ತರ ಡಿಸೆಂಬರಿನ ಒಂದು ಮಧ್ಯಾಹ್ನ ನಾಲ್ಕು ಗಂಟೆಗೆ, ವೆಂಡೆಲ್ ಕೆಲಸಗಾರರ ಗಾಡಿ ನಿಲ್ಲಿಸುವ ಬಯಲಲ್ಲಿ ಬೂಟು ಬಿಚ್ಚುತ್ತಿದ್ದಾಗ ಪಕ್ಕದಲ್ಲಿ ಒಂದು ದೊಡ್ಡ ಕಾರು ಬಂದು ನಿಂತಿತು. ಸಾಮಾನು ತುಂಬಿತ್ತು, ತಲೆಯ ಮೇಲೆ ಎರಡು ಜೋಡಿ ಸ್ಕೀ. ರಾಯ್ಸ್ ಗಾಜು ಇಳಿಸಿದ. ಕೂದಲೆಲ್ಲ ಹೋಗಿತ್ತು.

‘ಹೋಗ್ತಿದೀನಿ ಕಣೋ ವೆಂಡ್. ಎಲ್ಲಾ ಮಾರಿ ಆಯ್ತು.’

ವೆಂಡೆಲ್ ಬೂಟಿನ ಕೊಂಡಿ ಬಿಚ್ಚುತ್ತಲೇ ಇದ್ದ.

‘ಈ ಊರಲ್ಲಿ ಏನುಳಿದಿದೆ ಹೇಳು,’ ಅಂದ ರಾಯ್ಸ್. ‘ಕಾಫಿಗೆ ಅರ್ಧ ಗಂಟೆ ಸಾಲು. ಬೀದೀಲಿ ಒಬ್ಬ ಗುರುತು ಸಿಗಲ್ಲ. ನಾವು ಬಂದಾಗ ಹೆಂಗಿತ್ತು.’

‘ಮೊಳೆ ಸಿಗ್ತಿತ್ತು,’ ಅಂದ ವೆಂಡೆಲ್.

‘ಮೊಳೆ ಸಿಗ್ತಿತ್ತು,’ ಅಂತ ರಾಯ್ಸ್ ನಕ್ಕ. ಆಮೇಲೆ ಸ್ವಲ್ಪ ಬಾಗಿ, ದನಿ ತಗ್ಗಿಸಿ ಕೇಳಿದ: ‘ಟ್ರಾಸ್ಕ್ ನೆನಪಿದ್ಯಾ? ಆ ಮೂರು ದಿನ? ಅಲ್ಲಿಗೆ ಹೋಗಿ ಇದ್ದುಬಿಡೋಣ ಅಂತ ನಂಗೆ. ನೀನು ಏಪ್ರಿಲಲ್ಲಿ ಹೋಗ್ತಿದ್ದೆ ಅಂತ ಗೊತ್ತು ನಂಗೆ. ನೊರೀನ್‌ಗೆ ಚಿಕ್ಕಮ್ಮ ಎಲ್ಲಿದ್ದಾಳೆ ಹೇಳು. ಹೆಂಗಿದೆ ಅಲ್ಲಿ ಈಗ ಹಿಮ?’

ಟ್ರಾಸ್ಕ್‌ನಲ್ಲಿ ಬೇಕರಿಯ ಹಿಂದೆ ಎರಡು ಕೋಣೆಯ ಮನೆಯೊಂದಿತ್ತು. ವೆಂಡೆಲ್‌ನೂ ನೊರೀನ್‌ಳೂ ಎರಡು ವರ್ಷದಿಂದ ಅದರ ಮಾತಾಡುತ್ತಿದ್ದರು. ಮಂಡಿ ಇರುವ ತನಕ ಗಸ್ತು, ಆಮೇಲೆ ಅಲ್ಲಿ. ಬೇಕರಿಯವಳು ಬೇರೆಯವರಿಗೆ ಕೊಡುವುದಿಲ್ಲ ಅಂತ ಬಾಯಿಮಾತಿನಲ್ಲಿ ಒಪ್ಪಿದ್ದಳು. ಆ ಊರಲ್ಲಿ ಮೊಳೆ ಸಿಗುತ್ತದೆ. ವೆಂಡೆಲ್ ರಾಯ್ಸ್‌ನ ಕಾರನ್ನು ನೋಡಿದ, ತಲೆಯ ಮೇಲಿನ ಹೊಸ ಸ್ಕೀ ನೋಡಿದ, ಎಲ್ಲಾ ಊರನ್ನೂ ಮೆಚ್ಚುವ ಆ ಬಾಯಿ ನೋಡಿದ.

‘ಹಿಮಾನಾ?’ ಅಂದ. ‘ಎಲ್ಲಿ ಬಂತು. ಕಲ್ಲು ಕಾಣ್ತಿದೆ. ಇದ್ದದ್ದನ್ನ ಗಾಳಿ ಹೊತ್ಕೊಂಡು ಹೋಯ್ತು.’

ರಾಯ್ಸ್‌ನ ಮುಖದ ನಗು ಅಲ್ಲೇ ನಿಂತಿತು. ಆ ಮಾತು ಯಾರು ಯಾರಿಗೆ ಹೇಳುವುದು ಅಂತ ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಐಡಾಳ ಅಂಗಡಿಯಲ್ಲಿ ವೆಂಡೆಲ್‌ನ ಪಕ್ಕದಲ್ಲೇ ಕೂತು ಕೇಳಿದವನು. ಅವನ ಕಿವಿ ಕೆಂಪಾಯಿತು.

‘ನನಗೆ ಹೇಳ್ತೀಯೇನೋ ಅದನ್ನ,’ ಅಂದ. ‘ನನಗೆ.’

‘ಕೇಳಿದೋರಿಗೆ ಹೇಳೋದು.’

ರಾಯ್ಸ್ ಗಾಜು ಏರಿಸಲು ಹೋಗಿ ನಿಲ್ಲಿಸಿದ. ಇಂಜಿನ್ ಗುರುಗುಟ್ಟುತ್ತಿತ್ತು. ‘ಹ್ಯಾಚೆಟ್ಟಿನ ವಿಷಯ,’ ಅಂದ, ಮುಂದೆ ನೋಡುತ್ತಾ. ‘ನಿಂದು ನಂಗೆ, ನಂದು ನಿಂಗೆ. ಸರಿಹೋಯ್ತು ಅಂದ್ಕೊಳ್ಳೋಣ್ವಾ? ವಯಸ್ಸಾಯ್ತು ಇಬ್ರಿಗೂ.’

ಹೂಂ ಅಂದಿದ್ದರೆ ಆಗುತ್ತಿತ್ತು. ವೆಂಡೆಲ್ ಹೂಂ ಅನ್ನಲಿಲ್ಲ. ಬೂಟು ಎತ್ತಿ ಪಿಕಪ್ಪಿನ ಹಿಂದಕ್ಕೆ ಎಸೆದ, ಅದು ಸಲಿಕೆಗೆ ತಾಗಿ ಠಣ್ ಅಂದಿತು.

‘ಬೇಡ,’ ಅಂದ. ‘ಇರ್ಲಿ ಅದು.’

ರಾಯ್ಸ್ ಹೊರಟ. ಒಂದು ನಿಮಿಷ ಬಿಟ್ಟು ವೆಂಡೆಲ್‌ನೂ ಹೊರಟ, ಬೇರೆ ದಾರಿ ಇರಲಿಲ್ಲ. ಘಾಟಿಯ ಏರಿನಲ್ಲಿ ಹಿಮ ಬೀಳಲು ಶುರುವಾಗಿತ್ತು. ಮುಂದೆ ಆ ದೊಡ್ಡ ಕಾರಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಗುತ್ತಿತ್ತು, ಮತ್ತೆ ಕಾಣುತ್ತಿತ್ತು. ಘಾಟಿ ಇಳಿದ ಮೇಲೆ ದಾರಿ ಎರಡಾಗುತ್ತದೆ. ರಾಯ್ಸ್ ಕವಲಿನಲ್ಲಿ ಸ್ವಲ್ಪ ಹೊತ್ತು ನಿಂತ, ಆಮೇಲೆ ಬಲಕ್ಕೆ, ಟ್ರಾಸ್ಕ್ ಇರುವ ಉತ್ತರಕ್ಕೆ ತಿರುಗಿದ. ವೆಂಡೆಲ್ ಎಡಕ್ಕೆ ತಿರುಗಿ ಡ್ರೈ ಫೋರ್ಕ್ ದಾರಿ ಹಿಡಿದ. ನೊರೀನ್ ಊಟಕ್ಕೆ ಕಾಯುತ್ತಿದ್ದಳು. ರಾಯ್ಸ್ ಸಿಕ್ಕಿದ್ದ ಅಂತ ಹೇಳಿದ. ಏನಂದ ಅಂತ ಅವಳು ಕೇಳಿದ್ದಕ್ಕೆ, ಏನೂ ಇಲ್ಲ, ಹಿಮ ಹೆಂಗಿದೆ ಅಂತ ಕೇಳಿದ ಅಂದ.

ಆ ಹನ್ನೊಂದು ನಿಮಿಷ ಯಾರು ಯಾರಿಗೆ ಕೊಡಬೇಕಾದದ್ದು ಅನ್ನುವುದು ಹಾಗೇ ಉಳಿಯಿತು. ಕೇಳುವವನು ಇಲ್ಲಿದ್ದಾನೆ, ಇನ್ನೊಬ್ಬ ಉತ್ತರದಲ್ಲೆಲ್ಲೋ ಇದ್ದಾನೆ, ಇಬ್ಬರ ಹತ್ತಿರವೂ ಇನ್ನು ಹೆಚ್ಚು ಚಳಿಗಾಲಗಳಿಲ್ಲ.